ಕೋವಿ ಒಪ್ಪಿಸಿದ ದಿನ

1994ರ ನವೆಂಬರ್, ಒಂದು ಗುರುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಬಾಳೂರಿನ ಕೆಳಗಿನ ಇಳಿಜಾರಿನಲ್ಲಿರುವ ನಮ್ಮ ಮನೆಯಂಗಳ. ಹಾಜರಿದ್ದವರು ನಾನು, ಮೇಲಿನ ತೋಟದ ನನ್ನ ಗೆಳೆಯ, ಅವನ ಜೀಪು. ಜೀಪಿನ ಹಿಂಭಾಗದಲ್ಲಿ ಗೋಣಿತಾಟಿನಲ್ಲಿ ಸುತ್ತಿ ಹೊಲಿದ ಊರಿನ ಕೋವಿಗಳು ಸಾಲಾಗಿ ಮಲಗಿದ್ದವು.

ನಮ್ಮ ಕಡೆ ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಪಡೆದ ಕೋವಿ ಬಹಳ ಮನೆಗಳಲ್ಲಿದೆ. ಚುನಾವಣೆ ಬಂತೆಂದರೆ ಅವನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಮತ ಎಣಿಕೆ ಮುಗಿದ ಮೇಲೆ ವಾಪಸು ತರಬೇಕು. ಆ ವರ್ಷ ಕಟ್ಟುನಿಟ್ಟು ಹಿಂದಿಗಿಂತ ಹೆಚ್ಚು. ಗೋಡೆಗಳ ಮೇಲೆ ಬರೆಯುವಂತಿರಲಿಲ್ಲ. ಪ್ರಚಾರದ ಮೈಕು ಹೇಳಿದ ಹೊತ್ತಿಗೆ ಬಾಯಿ ಮುಚ್ಚುತ್ತಿತ್ತು. ನನಗೆ ಇದೆಲ್ಲ ಹಿತವಾಗಿಯೇ ಇತ್ತು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವನು ನಾನು.

ಊರಿನ ಕೋವಿಗಳನ್ನು ಒಟ್ಟಾಗಿ ಠಾಣೆಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದೂ ಇದೇ ಕಾರಣಕ್ಕೆ. ಒಮ್ಮೆ ಯಾರದೋ ಕೋವಿಯ ಹಿಡಿ ಜೀಪಿನ ಕುಲುಕಾಟಕ್ಕೆ ಸೀಳು ಬಿಟ್ಟಿತ್ತು. ಅಂದಿನಿಂದ ಒಂದು ಪದ್ಧತಿ ಮಾಡಿದ್ದೆ. ತೋಟಾ ತೆಗೆದು, ನಳಿಗೆಗೆ ಎಣ್ಣೆ ಸವರಿ, ಗೋಣಿತಾಟಿನಲ್ಲಿ ಸುತ್ತಿ, ದಬ್ಬಣದಿಂದ ಹೊಲಿದು, ಹೆಸರಿನ ಚೀಟಿ ಕಟ್ಟಬೇಕು. ಹೊಲಿದದ್ದನ್ನು ಠಾಣೆಯ ಮೇಜಿನ ಮೇಲಲ್ಲದೆ ನಡುವೆ ಎಲ್ಲೂ ಬಿಚ್ಚಬಾರದು.

ಕೊನೆಗೆ ಹೋದದ್ದು ಕೆಳಗಿನ ಮನೆಯ ಅತ್ತೆಯಲ್ಲಿಗೆ. ದೂರದ ಸಂಬಂಧದಲ್ಲಿ ನನಗೆ ಅತ್ತೆ, ಬಳಕೆಯಲ್ಲಿ ಊರಿಗೆಲ್ಲ ಅತ್ತೆ. ಮಾವ ತೀರಿಕೊಂಡ ಮೇಲೆ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಅವರ ಗದ್ದೆ ಕಾಡಿನ ಅಂಚಿಗೇ ಇದೆ. ಕಾಡುಹಂದಿಗಳು ಹೊಳೆ ದಾಟಿ ಬಂದರೆ ಮೊದಲು ಸಿಗುವುದು ಅದೇ. ಭತ್ತ ಬಲಿತು ತಲೆ ಬಾಗಿಸಿ ನಿಂತಿತ್ತು. ಕೊಯ್ಲಿಗೆ ಇನ್ನೂ ಎರಡು ವಾರ ಬೇಕಿತ್ತು. ಮಗಳು ಬಾಣಂತನಕ್ಕೆ ಬಂದಿದ್ದಳು, ಮನೆಯಲ್ಲಿ ಹಸುಗೂಸು. ವರ್ಷದ ಊಟವೆಲ್ಲ ಆ ಗದ್ದೆಯಲ್ಲೇ ನಿಂತಿತ್ತು.

ಪ್ರತಿ ಸಲ ಅವರ ಕೋವಿಯನ್ನು ನಾನೇ ಒರೆಸಿ ಹೊಲಿಯುತ್ತಿದ್ದೆ. ಆ ದಿನ ನೋಡಿದರೆ ಜಗುಲಿಯ ಮೇಲೆ ಎಲ್ಲ ಸಿದ್ಧವಾಗಿತ್ತು. ಹೊಲಿಗೆ ನನ್ನದಕ್ಕಿಂತ ಅಚ್ಚುಕಟ್ಟು.

“ಶಭಾಸ್ ಅತ್ತೆ, ಈಗ ಕಲಿತ್ರಿ ನೋಡಿ,” ಎಂದೆ.

“ನಿನ್ನ ಜೊತೆ ಇದ್ದೂ ಇದ್ದೂ ಬಂತು ಮಾರಾಯ. ಬೇಗ ಹೊರಡು, ನಿನ್ನ ಟೈಮ್ ಆಯ್ತು.”

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಹೊಸಬರು, ಬಯಲುಸೀಮೆಯ ಯುವಕ. ಒಂದೊಂದೇ ಕಟ್ಟು ಬಿಚ್ಚಿ, ನಂಬರು ನೋಡಿ, ರಸೀದಿ ಬರೆಸುತ್ತಿದ್ದರು. ನಮ್ಮ ಊರಿನ ಕಟ್ಟುಗಳ ಶಿಸ್ತನ್ನು ನೋಡಿ, “ಎಲ್ಲರೂ ಹಿಂಗೇ ತಂದ್ರೆ ನಮಗೂ ಸುಲಭ ಸಾರ್,” ಎಂದರು. ಹಾಗೆನ್ನುತ್ತಲೇ ಅತ್ತೆಯ ಕಟ್ಟಿನ ದಾರ ಕೊಯ್ದರು.

ಒಳಗಿನಿಂದ ಒನಕೆ ಬಂತು.

ಹಳೆಯ, ಕೈ ಹಿಡಿದು ಹಿಡಿದು ನುಣುಪಾದ ಒನಕೆ. ತುದಿಗೆ ಕಬ್ಬಿಣದ ಬಳೆ. ಅದಕ್ಕೆ ಎಣ್ಣೆಯನ್ನೂ ಸವರಿದ್ದರು.

ಸಬ್ ಇನ್ಸ್‌ಪೆಕ್ಟರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಇದು ಯಾವ ಕಂಪನಿದು ಸಾರ್?” ಎಂದು ನನ್ನನ್ನು ಕೇಳಿದರು.

ಗೆಳೆಯ ಹೇಳಿದ, “ಭತ್ತ ಕುಟ್ಟೋ ಕಂಪನಿದು ಸಾರ್. ಒಂದೇ ನಳಿಗೆ.”

ಠಾಣೆಯೆಲ್ಲ ನಕ್ಕಿತು. ಸಬ್ ಇನ್ಸ್‌ಪೆಕ್ಟರೂ ನಕ್ಕರು, ಆದರೆ ನಗು ಮುಗಿಸಿ ಹೇಳಿದ್ದು ಬೇರೆ. “ನೋಡಿ, ಇವತ್ತೇ ಕೊನೆ ದಿನ. ಸಾಯಂಕಾಲ ಐದರೊಳಗೆ ಆ ಕೋವಿ ಇಲ್ಲಿರಬೇಕು. ಬರ್ಲಿಲ್ಲ ಅಂದ್ರೆ ಮೇಲಕ್ಕೆ ಬರೀಬೇಕಾಗುತ್ತೆ. ಬರೆದ್ರೆ ಲೈಸೆನ್ಸ್ ಹೋಗುತ್ತೆ. ಆಮೇಲೆ ನನ್ನ ಕೈಲೂ ಏನೂ ಇರಲ್ಲ.”

ಒನಕೆಯನ್ನು ಹೊತ್ತು ಹಿಂದಿರುಗಿದೆವು. ದಾರಿಯುದ್ದಕ್ಕೂ ಗೆಳೆಯ ನನ್ನನ್ನು ಬಿಡಲಿಲ್ಲ. “ನಡುವೆ ಎಲ್ಲೂ ಬಿಚ್ಚಬಾರದು ಅಂತ ರೂಲ್ಸ್ ಮಾಡಿದ್ದು ಯಾರು ಮಾರಾಯ? ಅತ್ತೆ ನಿನ್ನ ರೂಲ್ಸಿನ ಒಳಗೇ ಒನಕೆ ಇಟ್ಟು ಹೊಲಿದ್ರಲ್ಲ.” ನಾನು ಮಾತ್ರ, ಕೋವಿ ಕೊಟ್ಟರೆ ಅವರ ಭತ್ತ ಈ ವರ್ಷ ಹೋಗುತ್ತದೆ, ಕೊಡದಿದ್ದರೆ ಕೋವಿಯೇ ಶಾಶ್ವತವಾಗಿ ಹೋಗುತ್ತದೆ ಎಂಬ ಲೆಕ್ಕವನ್ನೇ ಹಿಂದೆ ಮುಂದೆ ತಿರುಗಿಸುತ್ತಿದ್ದೆ.

ಅತ್ತೆ ಕಣಕ್ಕೆ ಸಗಣಿ ಸಾರಿಸುತ್ತಿದ್ದರು. ನಮ್ಮನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

“ಅತ್ತೆ, ಕೋವಿ ಎಲ್ಲಿ?”

“ಬೆಳಿಗ್ಗೆ ಹೊತ್ತುಕೊಂಡು ಹೋದ್ಯಲ್ಲ.”

“ಅದು ಒನಕೆ.”

“ಹೌದಾ? ಅದಕ್ಕೇ ಹುಡುಕ್ತಾ ಇದ್ದೆ. ಕೊಡು ಇಲ್ಲಿ, ಅವಲಕ್ಕಿ ಕುಟ್ಟೋದಿದೆ.”

ಒಳಗಿನಿಂದ ಮಗಳು ನಗು ತಡೆಯಲಾರದೆ ಕೆಮ್ಮಿದ್ದು ಕೇಳಿಸಿತು. ನಾನು ಐದು ಗಂಟೆಯ ವಿಷಯ, ಲೈಸೆನ್ಸಿನ ವಿಷಯ ಹೇಳಿದೆ. ಅತ್ತೆ ಕೈ ತೊಳೆದುಕೊಂಡು ಜಗುಲಿಗೆ ಬಂದು ಕುಳಿತರು.

“ಒಂದು ಕೇಳ್ತೀನಿ, ಹೇಳು. ಆ ಕೋವೀಲಿ ನಿನ್ನ ಮಾವ ಯಾವತ್ತಾದ್ರೂ ಮನುಷ್ಯರ ಕಡೆ ಗುರಿ ಇಟ್ಟಿದ್ರಾ?”

“ಇಲ್ಲ.”

“ನಾನು?”

“ನೀವು ಹೊಡೆದದ್ದೆಲ್ಲ ಗಾಳಿಗೇ.”

“ಗಾಳಿಗೇ. ಸದ್ದಿಗೆ ಹಂದಿ ಓಡ್ತವೆ, ನಂಗೆ ಅಷ್ಟು ಸಾಕು. ಮತ್ತೆ ಓಟು ಹಾಕೋರಿಗೆ ನನ್ನಿಂದ ಏನು ಭಯ? ಎಲೆಕ್ಷನ್ ಅಂತ ಹಂದಿಗಳೇನಾದ್ರೂ ಕಾಡಲ್ಲೇ ಕೂತಿರ್ತವಾ?”

ನನಗೆ ಒಂದು ಘಟನೆ ನೆನಪಿತ್ತು. ಹಿಂದಿನ ಯಾವುದೋ ಚುನಾವಣೆಯಲ್ಲಿ ಹೊಳೆಯಾಚೆಯ ಊರಿನಲ್ಲಿ ಎರಡು ಪಕ್ಷದವರಿಗೆ ಮಾತಿಗೆ ಮಾತು ಬೆಳೆದು, ಒಬ್ಬಾತ ಒಳಗೆ ಹೋಗಿ ಬೆಳೆ ಕಾಯುವ ಕೋವಿಯನ್ನೇ ತಂದಿದ್ದ. ಅವನ ತಾಯಿ ಅಡ್ಡ ನಿಂತಿದ್ದರಿಂದ ಅನಾಹುತವಾಗಲಿಲ್ಲ. ಆತನನ್ನು ನಮಗೆಲ್ಲ ಗೊತ್ತು. ಸಾಧು ಮನುಷ್ಯ, ಮದುವೆ ಮನೆಗಳಲ್ಲಿ ಬಡಿಸಲು ಮುಂದೆ ನಿಲ್ಲುವವನು.

“ನಿಮ್ಮಿಂದ ಭಯ ಇಲ್ಲ ಅತ್ತೆ,” ಎಂದೆ. “ಹೊಳೆಯಾಚೆ ಜಗಳಕ್ಕೆ ಕೋವಿ ತಂದನಲ್ಲ, ಅವನಿಂದಲೂ ಹಿಂದಿನ ದಿನದವರೆಗೆ ಭಯ ಇರ್ಲಿಲ್ಲ. ಯಾವ ಕೋವಿ ಯಾವತ್ತು ಎಲ್ಲಿ ತಿರುಗ್ತದೆ ಅಂತ ಠಾಣೆಯವರಿಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಎಲ್ಲರದ್ದೂ ಇಡಿ ಅಂತಾರೆ.”

ಅತ್ತೆ ಗದ್ದೆಯ ಕಡೆಗೆ ನೋಡಿದರು. ಆಮೇಲೆ, “ಅವರ ಮಾತು ಸುಳ್ಳಲ್ಲ,” ಎಂದರು. “ನನ್ನ ಗದ್ದೆಯೂ ಸುಳ್ಳಲ್ಲ. ತಡಿ, ಸೀರೆ ಬದಲಾಯಿಸ್ತೀನಿ. ನನ್ನ ಕೋವಿ ನಾನೇ ಕೊಡ್ತೀನಿ.”

ಕೋವಿ ಇದ್ದದ್ದು ಭತ್ತ ತುಂಬುವ ಮರದ ಪೆಟ್ಟಿಗೆಯಲ್ಲಿ. ಹಿಂದಿನ ವರ್ಷದ ಭತ್ತ ಮುಗಿದು ಅದರ ತಳ ಕಾಣುತ್ತಿತ್ತು. ಅತ್ತೆ ಅರ್ಧ ಒಳಗೆ ಬಾಗಿ ಅದನ್ನು ಎತ್ತಿಕೊಂಡರು. ಗೋಣಿತಾಟಿಗಾಗಿ ನಾನು ಅತ್ತಿತ್ತ ನೋಡಿದೆ.

“ಹೊಲಿಯೋದು ಬೇಡ,” ಎಂದರು. “ಇನ್ನು ನನ್ನ ಕಟ್ಟು ಯಾರೂ ನಂಬಲ್ಲ.”

ಜೀಪಿನಲ್ಲಿ ಗೆಳೆಯನ ಪಕ್ಕ ಅತ್ತೆ, ಅವರ ತೊಡೆಯ ಮೇಲೆ ಕೋವಿ, ಹಿಂದೆ ನಾನು. ನಾಲ್ಕೂವರೆಗೆ ಠಾಣೆ ಸೇರಿದೆವು. ಸಬ್ ಇನ್ಸ್‌ಪೆಕ್ಟರು ಎದ್ದು ನಿಂತು ಕುರ್ಚಿ ತೋರಿಸಿದರು. ಅತ್ತೆ ಕೋವಿಯನ್ನು ಮೇಜಿನ ಮೇಲಿಟ್ಟು ಕುಳಿತರು.

“ಒನಕೆ ಕೊಟ್ಟು ನಮ್ಮನ್ನ ಕುಟ್ಟೋಣ ಅಂತಿದ್ರಾ ಅಮ್ಮ?” ಎಂದರು ಸಬ್ ಇನ್ಸ್‌ಪೆಕ್ಟರು.

“ನಿಮಗಲ್ಲ ಸಾಹೇಬ್ರೆ, ಇವನಿಗೆ. ಬಿಚ್ಚಿ ನೋಡದೆ ಹೊತ್ತುಕೊಂಡು ಹೋಗ್ತಾನೆ ಅಂತ ಗೊತ್ತಿತ್ತು. ನೀವು ಬಿಚ್ತೀರಿ ಅಂತ ಗೊತ್ತಿರ್ಲಿಲ್ಲ.”

ನಂಬರು ನೋಡಿದ್ದಾಯಿತು, ರಸೀದಿ ಬಂತು. ಅತ್ತೆ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆದರೆ ಏಳಲಿಲ್ಲ.

“ಕೋವಿದು ಆಯ್ತು. ಗದ್ದೆದು?”

“ಗದ್ದೆದು ಏನಮ್ಮ?”

“ಅದನ್ನ ಕಾಯ್ತಾ ಇದ್ದದ್ದು ಈ ಕೋವಿ. ಅದೀಗ ನಿಮ್ಮ ಹತ್ರ ಇದೆ. ಅಂದ್ಮೇಲೆ ಕಾಯೋ ಕೆಲಸವೂ ನಿಮ್ಮ ಹತ್ರಕ್ಕೇ ಬಂತಲ್ಲ.”

ಸಬ್ ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

“ಪೊಲೀಸರನ್ನ ಗದ್ದೆ ಕಾಯಕ್ಕೆ ಹಾಕಕ್ಕಾಗುತ್ತಾ ಅಮ್ಮ?”

“ಗದ್ದೆಗೆ ಇಳೀಬೇಡಿ. ಎಲೆಕ್ಷನ್ ಮುಗಿಯೋವರೆಗೆ ನಿಮ್ಮ ಜೀಪು ದಿನಾ ನಮ್ಮ ರಸ್ತೇಲಿ ರೌಂಡ್ಸ್ ಬರ್ತದಲ್ಲ? ನಮ್ಮ ಮನೆ ತಿರುವಿನ ಕೆಳಗೇ ಗದ್ದೆ. ಅಲ್ಲಿ ನಿಂತು ಹಾರನ್ ಹೊಡೀರಿ. ದೊಡ್ಡ ಲೈಟು ಗದ್ದೆ ಕಡೆ ಬಿಡಿ. ನಿಮ್ಮ ಪೆಟ್ರೋಲೇನೂ ಹೆಚ್ಚು ಖರ್ಚಾಗಲ್ಲ.”

ಯಾರೂ ನಗಲಿಲ್ಲ. ಸಬ್ ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ಕೊನೆಗೆ ಕೇಳಿದರು, “ಎಷ್ಟು ಹೊತ್ತಿಗೆ ಬರುತ್ವೆ ನಿಮ್ಮ ಹಂದಿ?”

“ಇವನ ಹಾಗೆ ಅವಕ್ಕೆ ಟೈಮ್ ಟೇಬಲ್ ಇಲ್ಲ ಸಾಹೇಬ್ರೆ. ಕತ್ತಲಾಗ್ತಿದ್ದ ಹಾಗೆ ಒಂದು ಸಲ, ಕೋಳಿ ಕೂಗೋ ಮೊದಲು ಒಂದು ಸಲ ಹೊಡೀರಿ. ನಡುವಿನ ಹೊತ್ತಿಗೆ ಇವರಿದ್ದಾರೆ. ಕೋವಿ ಕೊಟ್ಟು ಕೈ ಖಾಲಿ ಮಾಡ್ಕೊಂಡು ಮನೇಲಿ ಕೂತಿರೋ ಗಂಡಸರು ಊರು ತುಂಬ ಇದ್ದಾರೆ. ಬಂದು ಗದ್ದೆ ಕಾಯೋ ಅಟ್ಟಣೆ ಮೇಲೆ ಕೂತು ಡಬ್ಬ ಬಡೀಲಿ.”

“ನಾನು ಬಡೀತೀನಿ ಅತ್ತೆ,” ಎಂದ ಗೆಳೆಯ. “ಆದ್ರೆ ಇವನು ಒಂಬತ್ತಕ್ಕೆ ಮಲಗ್ತಾನೆ.”

“ಎಬ್ಬಿಸು. ಗಂಟೆ ಹೊಡೆದ್ರೆ ಏಳ್ತಾನೆ.”

ಸಬ್ ಇನ್ಸ್‌ಪೆಕ್ಟರು ಜೀಪಿನ ಡ್ರೈವರನ್ನು ಕರೆದು ತಿರುವು ಯಾವುದೆಂದು ವಿವರಿಸಿದರು. ಬರವಣಿಗೆಯಲ್ಲಿ ಏನೂ ಇಲ್ಲ. ಆ ಮಾತನ್ನು ಅವರು ಮತ ಎಣಿಕೆಯ ದಿನದವರೆಗೂ ನಡೆಸಿಕೊಟ್ಟರು. ಗದ್ದೆಯ ಹೊಳೆ ಬದಿಯ ಒಂದು ಮೂಲೆಯನ್ನು ಹಂದಿಗಳು ಉತ್ತುಹಾಕಿದವು, ಉಳಿದ ಭತ್ತ ಕಣಕ್ಕೆ ಬಂತು.

ಹತ್ತು ವರ್ಷಗಳ ಮೇಲೆ ನಮ್ಮ ಬೆಟ್ಟಗಳಿಗೆ ಬೇರೆ ಬಗೆಯ ಪೊಲೀಸರು ಬಂದರು. ಕಾಡಿನಲ್ಲಿ ಬಂದೂಕು ಹಿಡಿದವರು ಅಡಗಿದ್ದಾರೆಂದು ಕಳಸ, ಸಂಸೆಯ ದಾರಿಗಳಲ್ಲಿ ತಪಾಸಣೆ ಶುರುವಾಯಿತು. ಕಾರಣವಿಲ್ಲದೆ ಅಲ್ಲ. ಆದರೂ ಹುಟ್ಟಿದ ಊರಿನ ರಸ್ತೆಯಲ್ಲಿ ನಿಂತು ಯಾರು, ಎಲ್ಲಿಂದ, ಎಲ್ಲಿಗೆ ಎಂದು ಉತ್ತರಿಸುವಾಗ ಪ್ರತಿ ಸಲವೂ ನನಗೆ ಆ ಮೇಜು, ಆ ಕುರ್ಚಿಯಿಂದ ಏಳದ ಅತ್ತೆ ನೆನಪಾಗುತ್ತಿದ್ದರು. ಕೇಳಿದ್ದನ್ನು ಕೊಡಬೇಕು. ಕೊಟ್ಟ ಮೇಲೆ, ನಮಗೆ ಬರಬೇಕಾದ್ದನ್ನು ಕೇಳುವವರೆಗೆ ಎದ್ದು ಬರಬಾರದು.

ಆ ಗುರುವಾರ ನಾವು ಊರು ಮುಟ್ಟುವಾಗ ಬೆಳಕು ಆರುತ್ತಿತ್ತು. ಗೆಳೆಯ ಸೀಮೆಎಣ್ಣೆ ಡಬ್ಬ ಹಿಡಿದು ಅಟ್ಟಣೆ ಹತ್ತಿದ. ನಾನು ಅತ್ತೆಯ ಜೊತೆ ಜಗುಲಿಯಲ್ಲಿ ನಿಂತಿದ್ದೆ. ಹೊಳೆಯ ಕಡೆ ಒಣಗಿದ ಎಲೆ ಸರಬರ ಎಂದಿತು. ಅತ್ತೆಯ ಕೈ ತಾನಾಗಿಯೇ ಬಾಗಿಲ ಹಿಂದೆ ಕೋವಿ ತೂಗುಹಾಕುವ ಖಾಲಿ ಗೂಟದ ಕಡೆ ಹೋಗಿ ಹಿಂದಕ್ಕೆ ಬಂತು.

ಆಗ ತಿರುವಿನಲ್ಲಿ ಬೆಳಕು ಕಾಣಿಸಿತು. ಜೀಪು ನಿಂತು ಉದ್ದಕ್ಕೆ ಹಾರನ್ ಹೊಡೆಯಿತು. ಬೆಳಕು ಭತ್ತದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾದುಹೋಯಿತು. ಹೊಳೆಯಲ್ಲಿ ನೀರು ಚೆಲ್ಲಿದ ಸದ್ದು, ಆಮೇಲೆ ಆಚೆ ದಡದ ಪೊದೆ ಮುರಿದ ಸದ್ದು. ಒಳಗೆ ಮಗು ಎಚ್ಚೆತ್ತು ಅಳತೊಡಗಿತು.

“ಒಂದನ್ನ ಓಡಿಸಿದ್ರು, ಇನ್ನೊಂದನ್ನ ಎಬ್ಬಿಸಿದ್ರು,” ಎಂದು ಅತ್ತೆ ಒಳಗೆ ಹೋದರು.

ಗೆಳೆಯನ ಜೀಪಿನ ಹಿಂಭಾಗದಲ್ಲಿ ಒನಕೆ ಇನ್ನೂ ಬಿದ್ದಿತ್ತು. ಅದರ ಮೇಲಿನ ಚೀಟಿ ಬಿಚ್ಚಿ, ಎಣ್ಣೆ ಒರೆಸಿ, ಅಡಿಗೆಮನೆಯ ಒರಳಿನ ಪಕ್ಕ ಅದರ ಜಾಗದಲ್ಲಿ ನಿಲ್ಲಿಸಿದೆ. ಆಮೇಲೆ ಅಟ್ಟಣೆಗೆ ಹೋದೆ.