ಮುಂದಿನ ಕೂಟದಲ್ಲಿ ಬರೆದ ಹೆಸರು

ತಮಿಳು ಸೀಮೆಯ ಪಾಲಕೋಡಿನಿಂದ ಪೆನ್ನಾಗರಂ ಕಡೆ ಹೋಗುವ ದಾರಿಯಲ್ಲಿ ಸಿಗುವ ಹುಣಸೆಕೊಟ್ಟಾಯಿ ಊರು ಚಿಕ್ಕದು, ಗತ್ತು ದೊಡ್ಡದು. ಅದಕ್ಕೊಂದು ಪೇರೂರಾಟ್ಚಿ, ಅಂದರೆ ಪಟ್ಟಣ ಪಂಚಾಯಿತಿ. ಅದಕ್ಕೆ ಹದಿನೈದು ಮಂದಿ ಮೆಂಬರು. ಒಂಬತ್ತನೇ ವಾರ್ಡಿನ ಶಿವಲಕ್ಷ್ಮಿ ಅವರಲ್ಲೊಬ್ಬಳು. ವಾರ್ಡು ಹೆಂಗಸರಿಗೆ ಮೀಸಲಾದಾಗ ಗಂಡ ಮುನಿರಾಜು ಹೆಂಡತಿಯ ಹೆಸರಲ್ಲಿ ಅರ್ಜಿ ಹಾಕಿಸಿದ್ದ. ಗೆದ್ದ ಮೇಲೆ ಕುರ್ಚಿಯಲ್ಲಿ ತಾನೇ ಕೂರಬಹುದು ಅಂತ ಅವನ ಎಣಿಕೆ. ಮೊದಲ ಸಭೆಯ ದಿನ ಶಿವಲಕ್ಷ್ಮಿ ಕುರಿ ಕಾಯುವ ಕೋಲನ್ನು ಅವನ ಕೈಗೆ ಕೊಟ್ಟು, ಒಗೆದಿಟ್ಟ ಸೀರೆಯುಟ್ಟು ಆಪೀಸಿಗೆ ನಡೆದಳು. ಅಲ್ಲಿಂದೀಚೆಗೆ ಕುರಿ ಅವನಿಗೆ, ಕುರ್ಚಿ ಇವಳಿಗೆ.

ಆದರೆ ಆ ಕುರ್ಚಿಯಲ್ಲಿ ಕೂತು ನಾಲ್ಕು ವರ್ಷದಲ್ಲಿ ಆಕೆ ಆಡಿದ್ದು ಒಂದೇ ಮಾತು: ‘ವಳಿಮೊಳಿಗಿರೇನ್’. ಬೇರೆಯವರು ಮಂಡಿಸಿದ ತೀರ್ಮಾನವನ್ನು ಅನುಮೋದಿಸುತ್ತೇನೆ ಅಂತ ತಮಿಳಿನಲ್ಲಿ ಅದರ ಅರ್ಥ. ಬೀದಿದೀಪಕ್ಕೂ ಅದೇ, ಚರಂಡಿಗೂ ಅದೇ. ಮನೆಯಲ್ಲಿ ಕನ್ನಡವಾಡುವ ನಾಲಗೆ, ಒಂದೊಂದು ಸಲ ‘ವಳಿ’ ಜಾರಿ ‘ವಲಿ’ ಆಗುತ್ತಿತ್ತು. ತಮಿಳಿನಲ್ಲಿ ವಲಿ ಅಂದರೆ ನೋವು. ಉಪಾಧ್ಯಕ್ಷ ಮುತ್ತುಸ್ವಾಮಿಗೆ ಅಷ್ಟು ಸಾಕು. “ಎಂಗೆ ವಲಿ, ಅಕ್ಕಾ?” ಎಲ್ಲಿ ನೋವು ಅಂತ ಕೇಳಿ ಸಭೆಯನ್ನೆಲ್ಲ ನಗಿಸುತ್ತಿದ್ದ. ತಾನು ಮಾತ್ರ ಹುಟ್ಟಿದಾರಭ್ಯ ಯಾರ ತೀರ್ಮಾನವನ್ನೂ ಅನುಮೋದಿಸಿದ ಆಸಾಮಿಯಲ್ಲ. ಏನಿದ್ದರೂ ಮಂಡಿಸುವವನು.

ಅಲ್ಲಿನ ಸಭೆಗಳಲ್ಲಿ ಚರಂಡಿಯ ತೀರ್ಮಾನಕ್ಕೆ ಜಗಳವಿರಲಿಲ್ಲ, ಏಕೆಂದರೆ ಚರಂಡಿ ಯಾರಿಗೂ ಬೇಡ. ಜಗಳವೆಲ್ಲ ಸನ್ಮಾನದ ತೀರ್ಮಾನಕ್ಕೆ. ಒಬ್ಬರು ಮಂಡಿಸಿದರೆ ಸಾಲದು, ಜೊತೆಗೆ ಸೇರಿ ಮಂಡಿಸಿದವರು ಅಂತ ತಮ್ಮ ಹೆಸರೂ ಬರಬೇಕು ಎಂದು ಎಲ್ಲರೂ ಮುಗಿಬೀಳುತ್ತಿದ್ದರು. ಏಪ್ರಿಲ್‌ನಲ್ಲಿ ಊರಿನ ಹುಡುಗಿ ಪೂಂಗೊಡಿ ಸಿಲಂಬದಲ್ಲಿ, ಅಂದರೆ ಕೋಲುವರಸೆಯಲ್ಲಿ, ಬಹುಮಾನ ಗೆದ್ದು ಬಂದಳು. ಅವಳನ್ನು ಅಭಿನಂದಿಸುವ ತೀರ್ಮಾನ ಒಂದು ಸಾಲು, ಮಂಡಿಸಿದವರ ಹೆಸರು ಒಂದೂವರೆ ಪುಟ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಹೊಡೆದು ತಿದ್ದಿ, ಹೊಡೆದು ತಿದ್ದಿ, ಕೊನೆಗೆ ಫ್ರೇಮು ಹಾಕಿಸಿ ಕೊಟ್ಟಾಗ ನೋಡಿದರೆ ಅದರಲ್ಲಿ ಹದಿನಾಲ್ಕು ಮೆಂಬರುಗಳಿದ್ದರು, ಪೂಂಗೊಡಿ ಇರಲಿಲ್ಲ.

ಆ ಮಾನ ಹೋದದ್ದಕ್ಕೆ ಅಧ್ಯಕ್ಷ ರಾಜಗೋಪಾಲ್ ಮೇ ತಿಂಗಳ ಸಭೆಯಲ್ಲಿ ಒಂದು ನಿಯಮ ಮಾಡೋಣ ಎಂದರು. ಬೆಳಗ್ಗೆ ಹತ್ತಕ್ಕೆ ಶುರುವಾದದ್ದು ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ. ವಾರ್ಡಿನ ನಂಬರಿನಂತೆ ಬರೆಯಿರಿ ಎಂದ ಒಬ್ಬ, ವಯಸ್ಸಿನಂತೆ ಎಂದ ಇನ್ನೊಬ್ಬ. ವಯಸ್ಸು ಅಂದಕೂಡಲೇ ಮೂವರು ಹೆಂಗಸರು ಎದ್ದು ಹೊರಗೆ ಹೋದರು. ಶಿವಲಕ್ಷ್ಮಿಗೆ ಹಸಿವು. ಹಸಿವು ತಾಳಲಾರದೆ ನಾಲ್ಕು ವರ್ಷದಲ್ಲಿ ಮೊದಲ ಸಲ ತಾನಾಗಿ ಎದ್ದು ನಿಂತಳು.

ತಮಿಳು ಆಕೆಗೆ ಬಾರದ್ದೇನಲ್ಲ. ಮೊರಪ್ಪೂರಿನ ಸಂತೆಯಲ್ಲಿ ಕುರಿ ಮಾರುವಾಗ ಆಕೆಯ ತಮಿಳಿಗೆ ತಮಿಳರೇ ತಬ್ಬಿಬ್ಬಾಗುತ್ತಿದ್ದರು. ಆದರೆ ಅಷ್ಟು ಮಂದಿ ಒಟ್ಟಿಗೆ ತಿರುಗಿ ನೋಡಿದಾಗ ತಡವರಿಸಿ, ತಮಿಳಿನೊಳಗೆ ಕನ್ನಡ ನುಸುಳಿಬಿಟ್ಟಿತು. “ಮಂಡಿಸೋರ ಪೇರು, ಅನುಮೋದಿಸೋರ ಪೇರು, ಎರಡೂ ಮುಂದಿನ ಕೂಟ್ಟತ್ತಿಲ್ ಎಳುತ್ತಿಲ್ ಇರುಕ್ಕಣುಂ” ಎಂದಳು. ಮುಂದಿನ ಕೂಟದಲ್ಲಿ ಬರವಣಿಗೆಯಲ್ಲಿರಲಿ, ಈಗ ಊಟಕ್ಕೆ ಬಿಡಿ ಅಂತ ಆಕೆಯ ಇಂಗಿತ. ಆದರೆ ತಮಿಳಿನಲ್ಲಿ ‘ಮುಂದಿನ’ ಅಂದರೆ ಹಿಂದಿನದು, ಆಗಿಹೋದದ್ದು. ಸಭೆಗೆ ಕೇಳಿಸಿದ್ದು ಹಾಗೇ: ಯಾವ ತೀರ್ಮಾನಕ್ಕಾದರೂ ಅದರ ಹಿಂದಿನ ಕೂಟದಲ್ಲೇ ಹೆಸರು ಬರವಣಿಗೆಯಲ್ಲಿ ಇರಬೇಕು.

ಮುತ್ತುಸ್ವಾಮಿಯ ಕಣ್ಣು ಹೊಳೆಯಿತು. ಬಸ್ಸಿನ ಸೀಟಿಗೆ ಟವೆಲ್ ಎಸೆದ ಹಾಗೆ ಒಂದು ತಿಂಗಳು ಮೊದಲೇ ಹೆಸರು ಹಾಕಿಟ್ಟರೆ ಉಳಿದವರೆಲ್ಲ ನಿಂತುಕೊಂಡೇ ಬರಬೇಕಲ್ಲ! ಗುಮಾಸ್ತ ಬಾಲಾಜಿ ತೀರ್ಮಾನದ ಪುಸ್ತಕದಲ್ಲಿ ಬರೆದು ಮುಗಿಸುವಷ್ಟರಲ್ಲಿ ಅವನು ಪೆನ್ನು ಕಿತ್ತುಕೊಂಡ. ಮೊದಲ ಗೆರೆಯಲ್ಲಿ ಆಗಲೇ ಶಿವಲಕ್ಷ್ಮಿಯ ಸಹಿ ಇತ್ತು. ಖಾಲಿಯಿದ್ದ ಎರಡನೇ ಗೆರೆಗೆ ತನ್ನದನ್ನು ಜಡಿದ. ಆ ಗೆರೆ ಯಾತಕ್ಕೆಂದು ಓದಲಿಲ್ಲ. ಎಲ್ಲರೂ ಬಿರಿಯಾನಿಗೆ ಎದ್ದರು, ಬೇರೆ ತೀರ್ಮಾನ ಒಂದೂ ಆಗಲಿಲ್ಲ.

ಅದಾದ ವಾರಕ್ಕೆ ನೀರು ಬಿಡುವ ಸಣ್ಣಯ್ಯ ವಾಲ್ವಿನ ಉದ್ದನೆಯ ಕೀ ಹೆಗಲ ಮೇಲಿಟ್ಟುಕೊಂಡು ಶಿವಲಕ್ಷ್ಮಿಯ ಬೀದಿಗೆ ಬಂದ. ಮೂವತ್ತೊಂದು ವರ್ಷದಿಂದ ಊರಿಗೆ ನೀರು ಬಿಟ್ಟವನು.

“ಜೂನ್ ಮೂವತ್ತುಕ್ಕೆ ರಿಟೈರು, ಮೆಂಬರಮ್ಮಾ.”

“ಆಪೀಸ್‌ನಾಗೆ ಏನಾರಾ ಮಾಡ್ತಾರಾ ಅಣ್ಣಾ?”

“ಏನ್ ಮಾಡ್ತಾರೆ? ನನ್ ಎಸ್ರು ಆ ಬುಕ್ಕುನಾಗೆ ಒಂದೇ ಕಿತ ಬಂದೈತೆ. ಮದುವೆ ಮನೆಗೆ ಒಂದ್ ಗಂಟೆ ಮುಂಚೆ ನೀರ್ ಬಿಟ್ಟೆ ಅಂತ ಮೆಮೊ. ಕರೆದು ಸೈನ್ ಆಕುಸ್ಕಂಡ್ರು.” ಹೇಳಿ ನಕ್ಕ. ಆಕೆಗೆ ನಗು ಬರಲಿಲ್ಲ.

ಅವತ್ತೇ ಆಕೆ ಮನಸ್ಸು ಮಾಡಿದಳು. ಸಣ್ಣಯ್ಯನ ಹೆಸರು ಪುಸ್ತಕಕ್ಕೆ ಬರಬೇಕು, ಅದನ್ನು ತಾನೇ ಮಂಡಿಸಬೇಕು, ತಾನೊಬ್ಬಳೇ. ಹದಿನಾಲ್ಕು ಮಂದಿ ಸೇರಿಕೊಂಡರೆ ಅವನೂ ಪೂಂಗೊಡಿಯ ಹಾಗೆ ಮಾಯವಾಗುತ್ತಾನೆ. ಜೂನ್ ಸಭೆ ಬಿದ್ದದ್ದೂ ಮೂವತ್ತನೇ ತಾರೀಖೇ. ಅದು ತಪ್ಪಿದರೆ ಜುಲೈನಲ್ಲಿ ಅವನು ಯಾರೋ, ಪೇರೂರಾಟ್ಚಿ ಯಾರೋ.

ಸಭೆಯ ದಿನ ತನ್ನ ಹೆಸರು ಬರೆದ ಕಾಗದ ಹಿಡಿದು ಹೋದಳು. ನೀರಿನವನಿಗೆ ಪ್ರತಿ ಮನೆಯ ಪರಿಚಯ, ಚುನಾವಣೆ ಬೇರೆ ಹತ್ತಿರ. ನೋಡಿದರೆ ಹದಿನಾಲ್ಕು ಕೈಯಲ್ಲೂ ಒಂದೊಂದು ಕಾಗದ. ಆಕೆ ಮಂಡಿಸಲು ಬಾಯಿ ತೆರೆದದ್ದೇ ತಡ, ಮುತ್ತುಸ್ವಾಮಿ ಎದ್ದ.

“ಅಕ್ಕಾ, ಈ ಚಟ್ಟಂ, ಈ ನಿಯಮ, ನೀವೇ ಮಾಡಿದ್ದು. ಮುಂದಿನ ಕೂಟದಲ್ಲೇ ಹೆಸರು ಬರವಣಿಗೆಯಲ್ಲಿರಬೇಕು. ಮೇ ತಿಂಗಳಲ್ಲೇ ಕೊಡಬೇಕಿತ್ತು. ಈಗ ತಂದರೆ ಸೆಲ್ಲಾದು, ನಡೆಯಲ್ಲ!”

ಆಗ ಹೊಳೆಯಿತು ಶಿವಲಕ್ಷ್ಮಿಗೆ, ತಾನು ಆಡಿದ್ದು ಕನ್ನಡ, ಅವರು ಬರೆದುಕೊಂಡದ್ದು ತಮಿಳು. ತನ್ನ ನಾಲಗೆಯಿಂದಲೇ ಸಣ್ಣಯ್ಯನ ಹೆಸರು ಕೆಡಿಸಿದೆನಲ್ಲ ಎಂದು ಕಣ್ಣು ತುಂಬಿಬಂತು. ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡವಳು, ಯಾಕೋ ಏನೋ, ಬಾಲಾಜಿಯತ್ತ ತಿರುಗಿದಳು.

“ಮೇ ತಿಂಗಳ ಪುಟ ತೆಗಿ ತಮ್ಮಾ. ಅದರಾಗೆ ಯಾರ್ಯಾರ ಎಸ್ರು ಐತೆ, ಓದು.”

ಬಾಲಾಜಿ ಪುಟ ತಿರುವಿದ. “ಮಂಡಿಸಿದವರು, ಶಿವಲಕ್ಷ್ಮಿ. ಅನುಮೋದಿಸಿದವರು...” ಎಂದು ನಿಲ್ಲಿಸಿ ಉಪಾಧ್ಯಕ್ಷರ ಮುಖ ನೋಡಿದ. “...ಮುತ್ತುಸ್ವಾಮಿ.”

“ಬೇರೆ ಯಾರ್ದೂ ಇಲ್ವಾ?”

“ಬೇರೆ ಯಾರದೂ ಇಲ್ಲ ಅಕ್ಕಾ.”

“ಇಂಥ ತೀರ್ಮಾನಕ್ಕೇ ಅಂತ ಎಲ್ಲಾರಾ ಬರೆದೈತಾ?”

ಬಾಲಾಜಿ ಗೆರೆಗೆರೆಯ ಮೇಲೂ ಬೆರಳಾಡಿಸಿದ. ಬರೆದಿರಲಿಲ್ಲ. ಎರಡೂ ಹೆಸರು ಬರವಣಿಗೆಯಲ್ಲಿರಬೇಕು ಅಂತ ಇತ್ತು. ಎರಡು ಹೆಸರು ಬರವಣಿಗೆಯಲ್ಲಿದ್ದವು.

ಅಧ್ಯಕ್ಷ ರಾಜಗೋಪಾಲ್‌ಗೂ ಮುತ್ತುಸ್ವಾಮಿಗೂ ಇದ್ದ ಪ್ರೀತಿ ಊರಿಗೇ ಗೊತ್ತು. ಅವರು ಕನ್ನಡಕ ಏರಿಸಿ, ನಿಯಮ ನಿಯಮವೇ, ಇವತ್ತು ಮಂಡಿಸುವುದು ಶಿವಲಕ್ಷ್ಮಿ, ಅನುಮೋದಿಸುವುದು ಮುತ್ತುಸ್ವಾಮಿ ಎಂದರು. ಹದಿಮೂರು ಕಾಗದ ಮೆಲ್ಲಗೆ ಜೇಬು, ಚೀಲ ಸೇರಿದವು. ಶಿವಲಕ್ಷ್ಮಿ ಎದ್ದು, ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟ ಸಣ್ಣಯ್ಯನಿಗೆ ಈ ಸಭೆ ವಂದಿಸುತ್ತದೆ ಎಂದು, ಒಂದಕ್ಷರ ಜಾರದಂತೆ ತಮಿಳಿನಲ್ಲಿ ಹೇಳಿದಳು. ಆಮೇಲೆ ಎಲ್ಲರೂ ಮುತ್ತುಸ್ವಾಮಿಯ ಕಡೆ ನೋಡಿದರು. ಅವನು ನೆಲ ನೋಡಿದ, ಫ್ಯಾನು ನೋಡಿದ, ಏನೋ ಗೊಣಗಿದ.

“ಕೇಳುಸ್ಲಿಲ್ಲ ಅಣ್ಣಾ” ಎಂದಳು ಶಿವಲಕ್ಷ್ಮಿ.

“ವಳಿಮೊಳಿಗಿರೇನ್.”

“ಎಂಗೆ ವಲಿ?”

ಸಭೆ ಬಿದ್ದು ಬಿದ್ದು ನಕ್ಕಿತು. ನಗುವಿನ ನಡುವೆಯೇ ಪುಸ್ತಕದಲ್ಲಿ ತೀರ್ಮಾನದ ಕೆಳಗೆ ಎರಡು ಸಹಿ ಬಿದ್ದವು, ಸಣ್ಣಯ್ಯನಿಗೆ ಕರೆ ಹೋಯಿತು. ಅವನು ಕೀಯನ್ನು ಬಾಗಿಲಿಗೆ ಒರಗಿಸಿ, ಒದ್ದೆ ಕೈ ಪಂಚೆಗೆ ಒರೆಸಿಕೊಳ್ಳುತ್ತ ಒಳಬಂದ. ಮೇಜಿನ ಮೇಲೆ ತೆರೆದಿದ್ದ ಪುಸ್ತಕ ಕಂಡು ಮುಖ ಸಣ್ಣದಾಯಿತು. ಕಡೇ ದಿನವೂ ಬಿಡಲಿಲ್ಲವಲ್ಲ ಅನ್ನುವ ಹಾಗೆ ಬಾಲಾಜಿಯ ಕೈಯಿಂದ ಪೆನ್ನು ತೆಗೆದುಕೊಂಡು ಬಗ್ಗಿದ.

“ಎಲ್ಲಿ ಸೈನ್ ಆಕ್ಲಿ, ಮೆಂಬರಮ್ಮಾ?”

ಶಿವಲಕ್ಷ್ಮಿ ಅವನ ಬೆರಳು ಹಿಡಿದು ಅವನ ಹೆಸರಿದ್ದ ಸಾಲಿನ ಮೇಲೆ ಇಟ್ಟಳು.

“ನೀನ್ ಆಕ್‌ಬೇಡಣ್ಣಾ. ಈ ಸಲ ನಿನಗೋಸ್ಕರ ನಾವ್ ಆಕಿದ್ದೀವಿ.”