ಹಾಲು ಕೊಡದ ಸಿಸ್ಟರ್

ಆ ಸಿಸ್ಟರ್ ಅವರ ಎಡ ಹೆಗಲ ಮೇಲೆ ಯಾವಾಗಲೂ ಹಳೆಯ ಪಂಚೆ ಹರಿದು ಕುದಿಸಿದ ಬಿಳಿ ಬಟ್ಟೆ ಇರುತ್ತಿತ್ತು. ಹುಟ್ಟಿದ ಕೂಸಿನ ಬಾಯಿ ಒರೆಸಿ, ಆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವರು ಮೊಳಕಾಲ್ಮೂರಿನ ನಮ್ಮ ಚಿಕ್ಕ ನರ್ಸಿಂಗ್ ಹೋಮಿಗೆ ನನಗಿಂತ ಎಷ್ಟೋ ಹಳಬರು. ಬಾಣಂತಿಯರನ್ನು ತೆಲುಗಿನಲ್ಲಿ ಗದರಿ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ನಾನು ಹೊಸ ಡಾಕ್ಟರು. ಓದಿದ ಜಂಬ ಇನ್ನೂ ಇಳಿದಿರಲಿಲ್ಲ.

ದೇವಸಮುದ್ರದ ಕಡೆಯ ಕುರಿ ಕಾಯುವವರ ಮನೆಯ ಹೆಣ್ಣುಕೂಸು ಅದು. ಒರೆಸಿದಷ್ಟೂ ಬಾಯಲ್ಲಿ ನೊರೆ. ಅಪರೂಪಕ್ಕೆ ಕೆಲವು ಕೂಸುಗಳಿಗೆ ಹುಟ್ಟುವಾಗಲೇ ಅನ್ನನಾಳ ಅರ್ಧಕ್ಕೆ ಮುಚ್ಚಿರುತ್ತದೆ. ಹಾಲು ಕುಡಿಸಿದರೆ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು. ಸಿಸ್ಟರಿಗೆ ಅದೇ ಅನುಮಾನ. ನಾನು ಬಾಯಿಂದ ತೆಳ್ಳನೆಯ ಟ್ಯೂಬು ಇಳಿಸಿದೆ, ಹೋಯಿತು. ಅದರೊಳಗೆ ಗಾಳಿ ಬಿಟ್ಟು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದೆ, ಗುಳುಗುಳು ಅಂದಿತು.

"ಎಲ್ಲ ಸರಿಯಿದೆ, ಹಾಲು ಕೊಡಿ" ಎಂದೆ.

"ಬ್ಯಾಡ ಸಾರ್. ತೆಳ್ಳಂದು ಮೇಲೇ ಸುತ್ಕೊಂಡಿರ್ತೈತೆ. ದಪ್ಪಂದು ಹಾಕಿ ಎಕ್ಸ್‌ರೇ ತೆಗ್ಸಾಣ."

ಇಬ್ಬರು ಎಳೆಯ ನರ್ಸುಗಳು ಕೇಳಿಸಿಕೊಳ್ಳುತ್ತಿದ್ದರು. "ಇಲ್ಲಿ ಡಾಕ್ಟರು ನೀವೋ ನಾನೋ?" ಎಂದು ಸಿಡುಕಿ ನನ್ನ ಕೋಣೆಗೆ ಹೋದೆ.

ಅವರು ಹಾಲು ಕೊಡಲಿಲ್ಲ. ದಪ್ಪ ಟ್ಯೂಬು ಹಾಕಿದರು. ಗಂಟಲು ದಾಟಿ ತುಸು ಕೆಳಗೆ ತಡೆದು ನಿಂತಿತು. ಕೂಸನ್ನು ತಾವೇ ಎತ್ತಿಕೊಂಡು ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ನನ್ನ ಮೇಜಿನ ಮೇಲಿಟ್ಟು, "ನೋಡ್ರಿ ಸಾರ್" ಎಂದರು, ಅಷ್ಟೇ. ಟ್ಯೂಬಿನ ತುದಿ ಎದೆಯ ಮೇಲ್ಭಾಗದಲ್ಲೇ ಇತ್ತು. ಸಿಸ್ಟರ್ ಹೇಳಿದ್ದೇ ಸರಿ. ಆದರೂ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕೊಟ್ಟ ಚೀಟಿಯಲ್ಲಿ ರೋಗ ಪತ್ತೆಹಚ್ಚಿದವನು ನಾನೇ ಎಂಬಂತೆ ಬರೆದೆ. ದಾರಿಯುದ್ದಕ್ಕೂ ಕೂಸಿನ ನೊರೆ ತೆಗೆಯುತ್ತ ಆಂಬುಲೆನ್ಸಿನಲ್ಲಿ ಹೋದವರು ಸಿಸ್ಟರ್.

ಆಪರೇಷನ್ ಆಗಿ ಕೂಸು ಬದುಕಿತು. ಕೆಲವು ತಿಂಗಳ ಮೇಲೆ ಅದರ ಅಜ್ಜಿ ಬಂದು, "ನೀವೇ ನಮ್ ದ್ಯಾವ್ರು ಸಾಮಿ" ಎಂದು ನನ್ನ ಕಾಲಿಗೆ ಬಿದ್ದಳು. ಸಿಸ್ಟರ್ ಪಕ್ಕದಲ್ಲೇ ಇದ್ದರು. ಉಳಿಸಿದವರು ಇವರು ಎನ್ನಲು ಎಷ್ಟು ಹೊತ್ತು ಬೇಕಿತ್ತು? ನೆನೆದರೆ ಈಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಅವರ ಮನೆಯವರ ಮುಂದಾದರೂ ಎಲ್ಲ ಹೇಳಿಬಿಡಬೇಕೆಂದು ಚಳ್ಳಕೆರೆಗೆ ಹೋದೆ. ಬಾಗಿಲಲ್ಲೇ ಅವರ ಮಗಳು ನನ್ನನ್ನು ನೆಂಟರಿಗೆ ತೋರಿಸಿ, "ಗಂಟ್ಲು ಮುಚ್ಚಿದ್ದ ಕೂಸನ್ನ ಉಳಿಸಿದ ಡಾಕ್ಟ್ರು ಅಂತ ಅವ್ವ ಹೇಳ್ತಿದ್ರಲ್ಲ, ಇವ್ರೇ" ಎಂದಳು.

ಎಲ್ಲರೂ ಎದ್ದು ಕೈ ಮುಗಿದರು. ನಾನೂ ಮುಗಿದೆ. ಕುರ್ಚಿ ಹಾಕಿದರು, ಕೂತೆ.