ಒಂದೇ ಗೋಡೆ, ಮೂರು ಕೂಗು

ಬಾಗಲೂರಿನ ಕಡೆ ಸಾಲಾಗಿ ಕಟ್ಟಿದ ಹೊಸ ಮನೆಗಳಲ್ಲಿ ಒಂದನ್ನು ಕೊಂಡೆವು. ನಮಗೂ ಪಕ್ಕದವರಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿನದು. ಆ ಕಡೆ ಕೆಮ್ಮಿದರೆ ಈ ಕಡೆ ಕೇಳಿಸುತ್ತದೆ. ಕಟ್ಟಿಸಿದವನನ್ನು ಕೇಳಿದ್ದಕ್ಕೆ, "ಸಾಮಾನೆಲ್ಲಾ ತುಂಬ್ಸಿ ಸಾರ್, ಸರಿಹೋಗುತ್ತೆ" ಅಂದ. ತುಂಬಿಸಿದೆವು. ಸರಿಹೋಗಲಿಲ್ಲ.

ಬೆಳಗಿನ ಅಡುಗೆ ನನ್ನದು. ಕುಕ್ಕರ್ ಮೂರು ಸಲ ಕೂಗಿದರೆ ಬೇಳೆ ಬೆಂದಿತು ಎಂದು ನನ್ನ ಲೆಕ್ಕ. ಹಾಲ್‌ನಲ್ಲಿ ಪೇಪರ್ ಓದುತ್ತಾ ಕೂಗು ಎಣಿಸಿ, ಎದ್ದು ಹೋಗಿ ಒಲೆ ಆರಿಸುತ್ತಿದ್ದೆ. ಎರಡು ದಿನ ಬೇಳೆ ಕಲ್ಲಿನಂತೆಯೇ ಉಳಿಯಿತು. "ಇಷ್ಟು ವಯಸ್ಸಾಯ್ತು, ಒಂದು ಬೇಳೆ ಬೇಯ್ಸೋಕೆ ಬರಲ್ವಲ್ರೀ ನಿಮಗೆ!" ಎಂದು ಹೆಂಡತಿ ಜೋರಾಗಿಯೇ ರೇಗಿದಳು.

ಮೂರನೆಯ ದಿನ ಒಲೆಯ ಮುಂದೆಯೇ ನಿಂತೆ. ಮೂರು ಕೂಗು ಸ್ಪಷ್ಟವಾಗಿ ಕೇಳಿಸಿತು. ನಮ್ಮ ಕುಕ್ಕರಿನ ವೆಯ್ಟ್ ಅಲುಗಾಡಿರಲೇ ಇಲ್ಲ.

ಎರಡೂ ಮನೆಯವರು ಸೇರಿ ಗೋಡೆಗೆ ಏನಾದರೂ ಮಾಡಿಸೋಣ ಎಂದು ಹೇಳಲು ಸಿಟ್ಟಿನಿಂದಲೇ ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದೆ. ಅಲ್ಲಿಯವರೆಗೆ ನಾನು ಮುಖವನ್ನೇ ನೋಡಿರದ ಹೆಂಗಸೊಬ್ಬರು ಬಾಗಿಲು ತೆಗೆದರು. ಪಕ್ಕದ ಮನೆಯವನು ಎಂದೆ. ಮುಂದಿನ ಮಾತಿಗೆ ಬಾಯಿ ತೆರೆಯುವ ಮೊದಲೇ ಅವರು ಕನಿಕರದಿಂದ ಕೇಳಿದರು: "ಇವತ್ತಾದ್ರೂ ಬೇಳೆ ಬೆಂತಾ ಸಾರ್?"